‘ಈಗ’ ಎಂಬ ಬಟನ್

ಇತ್ತೀಚೆಗೆ ಯಾರಾದರೂ ‘ಈಗ’ ಎಂದರೆ ಸಾಕು, ನನ್ನ ಕಿವಿ ಬಿಸಿಯಾಗುತ್ತದೆ. ಹಾಲಿನವನು ಈಗ ಕರೆದದ್ದು ಎಂದರೂ ಅಷ್ಟೇ, ಕಂಡಕ್ಟರ್ ಅಥಣಿ ಗಾಡಿ ಈಗ ಹೋಯಿತು ಎಂದರೂ ಅಷ್ಟೇ, ಒಂದು ಗಳಿಗೆ ತಲೆ ತಾನಾಗಿ ಕೆಳಗೆ ಹೋಗುತ್ತದೆ. ಇದು ನನ್ನ ಹೆಂಡತಿಗೆ ಗೊತ್ತಾಗಿಬಿಟ್ಟಿದೆ. ಜಗಳದಲ್ಲಿ ಬೇರೇನೂ ಕೈಗೆ ಸಿಗದಿದ್ದಾಗ, ಆ ಪದವನ್ನು ಒಂದಿಷ್ಟು ಒತ್ತಿ, ಈಗ ಊಟಕ್ಕೆ ಬರುತ್ತೀರೇನು ಎಂದು ಕೇಳುತ್ತಾಳೆ. ನಾನು ಸುಮ್ಮನೆ ಎದ್ದು ಹೋಗಿ ತಾಟಿನ ಮುಂದೆ ಕೂಡುತ್ತೇನೆ. ನಿಮಗೂ ಇಂಥ ಒಂದು ಪದ ಇದ್ದರೆ ನನ್ನ ಸಂಕಟ ಹೇಳದೆಯೇ ತಿಳಿದೀತು. ಇಲ್ಲದಿದ್ದರೆ ಕೇಳಿ. ನಗಬೇಡಿ ಎಂದು ಹೇಳುವ ಮುಖ ನನಗಿಲ್ಲ.

ಐನಾಪುರದಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಹೆಸರು ದೊಡ್ಡದು, ಜಾಗ ಸಣ್ಣದು. ಮನೆಯ ಮುಂದಿನ ಪಡಸಾಲೆಗೆ ಷಟರ್ ಹಾಕಿಸಿ, ಅರ್ಧ ಕನ್ನಡ ಅರ್ಧ ಮರಾಠಿಯ ಬೋರ್ಡು ಬಡಿದಿದ್ದೇನೆ. ಒಳಗೆ ಎರಡು ಮಷೀನುಗಳು. ಹೊಸದರಲ್ಲಿ ಹೊಲದ ಉತಾರ, ಅರ್ಜಿ, ಲಗ್ನಪತ್ರಿಕೆ. ಹಳೆಯದರಲ್ಲಿ ಜಾತಕ ಮಾತ್ರ. ಹೊಸದರ ಬಗ್ಗೆ ಹೇಳಲು ಏನೂ ಇಲ್ಲ, ಅದು ಕೆಲಸ ಮಾಡುತ್ತದೆ. ನನ್ನ ಜೀವವೆಲ್ಲ ಹಳೆಯದರಲ್ಲಿ.

ಅದರಲ್ಲಿರುವುದು ಹಳೆಯ ವಿಂಡೋಸ್ ಎಕ್ಸ್‌ಪಿ. ಚಾಲೂ ಮಾಡಿದರೆ ಪರದೆಯ ಮೇಲೆ ಹಸಿರು ದಿನ್ನೆ, ನೀಲಿ ಆಕಾಶ, ಬಿಳಿ ಮೋಡ ಬರಬೇಕು. ಆ ದಿನ್ನೆ ಕಾಣುವಷ್ಟರಲ್ಲಿ ನಾನು ಕಸ ಹೊಡೆದು, ದೇವರಿಗೆ ಊದಿನಕಡ್ಡಿ ಬೆಳಗಿ, ಚಹಾ ಮುಗಿಸಿ ಬಂದಿರುತ್ತೇನೆ. ಒಮ್ಮೊಮ್ಮೆ ದಿನ್ನೆ ಬರುವುದೇ ಇಲ್ಲ. ಕರಿ ಪರದೆ, ಬೀಪ್ ಬೀಪ್ ಎಂಬ ಕೂಗು. ಆಗ ರ‍್ಯಾಮ್ ಎಂಬ ಪಟ್ಟಿಯನ್ನು ಹೊರಗೆ ಕಿತ್ತು, ಅದರ ಬಂಗಾರದ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ತಿಕ್ಕಿ, ಉಫ್ ಎಂದು ಊದಿ, ಮತ್ತೆ ಒತ್ತಿ ಕೂಡಿಸಬೇಕು. ನನ್ನ ವಿದ್ಯೆ ಇಷ್ಟೇ. ಈ ರಬ್ಬರಿನ ಬಲದ ಮೇಲೆ ಕಾಗವಾಡದಿಂದ ಯಡೂರಿನವರೆಗೆ ನನ್ನನ್ನು ಕಂಪ್ಯೂಟರ್ ಡಾಕ್ಟರ್ ಎನ್ನುತ್ತಾರೆ. ರೋಗ ಯಾವುದೇ ಇರಲಿ, ಮೊದಲು ರಬ್ಬರು. ಅದಕ್ಕೆ ಬಗ್ಗದಿದ್ದರೆ ಒಮ್ಮೆ ಆರಿಸಿ ಮತ್ತೆ ಹಚ್ಚುವುದು. ಅದಕ್ಕೂ ಬಗ್ಗದಿದ್ದರೆ ಮುಖ ಗಂಟು ಹಾಕಿಕೊಂಡು ‘ಮದರ್‌ಬೋರ್ಡು’ ಎಂದು ಹೇಳಿ, ಕೊಟ್ಟ ಚಹಾ ಕುಡಿದು ಎದ್ದು ಬರುವುದು.

ನನ್ನ ಮಷೀನಿನ ಡಬ್ಬಿಗೆ ಒಂದು ಬದಿಯ ತಗಡೇ ಇಲ್ಲ. ಎಷ್ಟು ಸಲ ಬಿಚ್ಚಿ ಹಾಕುವುದೆಂದು ಬೇಸತ್ತು ಅಟ್ಟದ ಮೇಲೆ ಒಗೆದೆ. ಕಬ್ಬಿನ ಸೀಜನ್ ಶುರುವಾದರೆ ಫ್ಯಾಕ್ಟರಿಯ ಚಿಮಣಿಯಿಂದ ಕರಿ ಬೂದಿ ಹಾರಿ ಬಂದು ಒಣಗಲು ಹಾಕಿದ ಬಟ್ಟೆಯ ಮೇಲೂ ಬೀಳುತ್ತದೆ, ಮಷೀನಿನ ಹೊಟ್ಟೆಗೂ ಇಳಿಯುತ್ತದೆ. ಒಮ್ಮೆ ದಸರೆಯ ಖಂಡೇಪೂಜೆಯ ದಿನ ಹೆಂಡತಿ ಭಕ್ತಿ ಹೆಚ್ಚಾಗಿ ಒಂದು ಮುಷ್ಟಿ ಭಂಡಾರ ಎರಚಿದಳು. ಅರಿಸಿನವೆಲ್ಲ ಒಳಗಿನ ಫ್ಯಾನಿಗೆ ಹೋಯಿತು. ಮುಂದೆ ದೀಪಾವಳಿಯವರೆಗೂ ಮಷೀನು ಚಾಲೂ ಮಾಡಿದಾಗಲೊಮ್ಮೆ ಹಿಂದಿನಿಂದ ಹಳದಿ ಹೊಗೆ ಬರುತ್ತಿತ್ತು. ಜಾತಕ ಕೇಳಲು ಬಂದ ಹಳ್ಳಿಯ ಹೆಂಗಸರು ಅದನ್ನು ನೋಡಿ ಕೈಮುಗಿಯುತ್ತಿದ್ದರು. ನಾನು ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಅವರು ಕೈಮುಗಿದದ್ದು ಸ್ವಲ್ಪ ನನಗೂ ಇರಬಹುದು ಎಂದೇ ತಿಳಿದುಕೊಂಡಿದ್ದೆ.

ಇನ್ನು ಕಾಲದ ವಿಷಯ. ನಾನು ಹುಡುಗನಾಗಿದ್ದಾಗ ನಮ್ಮ ಅಪ್ಪ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದರು. ವಾರಕ್ಕೊಮ್ಮೆ ಮನೆಗೆ ಬಂದರೆ ಅಂಗಿಯಿಂದ ಘಾಟು ಬಂದು ನಾವೆಲ್ಲ ಸೀನುತ್ತಿದ್ದೆವು. ಮರಳಿ ಹೋಗುವಾಗ ಬಸ್ಸು ತಪ್ಪಬಾರದೆಂದು ಗೋಡೆಯ ಗಡಿಯಾರವನ್ನು ಒಂದಿಷ್ಟು ಮುಂದೆ ತಿರುಗಿಸಿ ಇಟ್ಟಿದ್ದರು. ಎಷ್ಟು ಮುಂದಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅಪ್ಪನಿಗಂತೂ ಚೆನ್ನಾಗಿಯೇ ಗೊತ್ತು. ಹೀಗಾಗಿ ಗಡಿಯಾರ ನೋಡಿದ ಕೂಡಲೇ ಮನಸ್ಸಿನಲ್ಲೇ ಕಳೆದು, ಇನ್ನೂ ಹೊತ್ತಿದೆ ಎಂದು ಮತ್ತೊಂದು ರೊಟ್ಟಿಗೆ ಕೈಚಾಚುತ್ತಿದ್ದರು. ಬಸ್ಸು ತಪ್ಪುತ್ತಿತ್ತು. ಬೈಗುಳ ಗಡಿಯಾರಕ್ಕೆ ಬೀಳುತ್ತಿತ್ತು. ಗಡಿಯಾರ ಹೇಳಿದ್ದನ್ನೆಲ್ಲ ನಂಬಬೇಕಾಗಿಲ್ಲ, ಕೂಡಿಸಿ ಕಳೆದು ನೋಡಿದರಾಯಿತು ಎಂಬ ಬುದ್ಧಿ ನನಗೆ ಅಲ್ಲಿಂದ ಬಂದದ್ದು.

ಜಾತಕದ ಸಾಫ್ಟ್‌ವೇರನ್ನು ಸಾಂಗ್ಲಿಯ ಒಬ್ಬ ತರುಣನಿಂದ ಕೊಂಡಿದ್ದೆ. ಅದಕ್ಕೊಂದು ಅವಧಿ ಇತ್ತು. ಅವಧಿ ಮುಗಿದ ದಿನ ಅದು ತೆರೆಯಲಿಲ್ಲ, ನಮ್ಮನ್ನು ಸಂಪರ್ಕಿಸಿ ಎಂದು ಬರೆದು ತೋರಿಸಿತು. ಸಂಪರ್ಕಿಸೋಣ ಎಂದು ಸಾಂಗ್ಲಿಗೆ ಹೋದರೆ ಆ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದರು. ಮರಳಿ ಬಂದು ಬಹಳ ಹೊತ್ತು ಮಷೀನಿನ ಮುಂದೆ ಕೂತೆ. ಆಮೇಲೆ ಪರದೆಯ ಮೂಲೆಯ ಗಡಿಯಾರ ತೆರೆದು ವರ್ಷವನ್ನು ಒಂದು ಹಿಂದಕ್ಕೆ ಸರಿಸಿದೆ. ಸಾಫ್ಟ್‌ವೇರು ಏನೂ ಆಗಿಲ್ಲವೆಂಬಂತೆ ತೆರೆಯಿತು. ಅಂದಿನಿಂದ ಆ ಮಷೀನಿಗೆ ಹೊಸ ವರ್ಷ ಬಂದಿಲ್ಲ. ಪ್ರತಿ ಜನವರಿಗೆ, ಕಟ್ಟು ಬಿಚ್ಚಿ ಓಡಿದ ದನವನ್ನು ತಂದು ಕಟ್ಟಿದ ಹಾಗೆ, ಅದನ್ನು ಮತ್ತೆ ಅದೇ ವರ್ಷಕ್ಕೆ ತಂದು ಕಟ್ಟುತ್ತೇನೆ. ತಿಂಗಳು, ತಾರೀಖು, ಗಂಟೆ ಎಲ್ಲ ಸರಿ. ವರ್ಷ ಮಾತ್ರ ಹಳೆಯದು. ಇದರಿಂದ ಜಾತಕಕ್ಕೆ ಯಾವ ಧಕ್ಕೆಯೂ ಇಲ್ಲ. ಗಿರಾಕಿಯ ಹುಟ್ಟಿದ ದಿನವನ್ನು ವರ್ಷಸಮೇತ ನಾನೇ ಕೈಯಿಂದ ಹೊಡೆಯುತ್ತೇನೆ, ಮಷೀನಿನ ಗಡಿಯಾರವನ್ನು ಕೇಳುವವರಾರು?

ಆ ಸಾಫ್ಟ್‌ವೇರಿನಲ್ಲಿ ಜನ್ಮದಿನ ತುಂಬುವ ಜಾಗದ ಪಕ್ಕ ಒಂದು ಸಣ್ಣ ಬಟನ್ ಇದೆ, ಅದರ ಮೇಲೆ ‘ಈಗ’ ಎಂದು ಬರೆದಿದೆ. ಒತ್ತಿದರೆ ಮಷೀನು ತನ್ನ ಗಡಿಯಾರ ನೋಡಿ ಆ ಕ್ಷಣದ ದಿನ, ವೇಳೆ ಎಲ್ಲವನ್ನೂ ತಾನೇ ತುಂಬಿಕೊಳ್ಳುತ್ತದೆ. ಇಷ್ಟು ವರ್ಷ ಅದನ್ನು ನಾನು ಮುಟ್ಟಿರಲಿಲ್ಲ.

ಮೊದಲು ನಮ್ಮ ಓಣಿಯಲ್ಲಿ ಹುಟ್ಟಿದ ಕೂಸಿಗೆ ನಕ್ಷತ್ರ ನೋಡಿ ಹೆಸರಿನ ಮೊದಲ ಅಕ್ಷರ ಹೇಳುವವರು ಜೋಶಿಯವರು. ಅವರು ಮಕ್ಕಳ ಸಂಗಡ ಮಿರಜಿಗೆ ಹೋಗಿ ನೆಲೆಸಿದ ಮೇಲೆ ಆ ಗೌರವ ನನ್ನ ಮಷೀನಿಗೆ ಬಂತು. ಮೊಬೈಲಿನಲ್ಲೂ ಜಾತಕ ಬರುತ್ತದೆ ಎಂದು ಹುಡುಗರು ತೋರಿಸಿದಾಗ, ಅದೆಲ್ಲ ಖೋಟಾ, ಒಂದೊಂದರಲ್ಲಿ ಒಂದೊಂದು ನಕ್ಷತ್ರ ಬರುತ್ತದೆ ಎಂದು ಅವರ ಬಾಯಿ ಮುಚ್ಚಿಸಿದ್ದೆ. ಹೊಟ್ಟೆಪಾಡೂ ಇತ್ತು, ಸೊಕ್ಕೂ ಇತ್ತು.

ನಮ್ಮ ಪಕ್ಕದ ಮನೆಯ ಮಗಳು ವೈಶಾಲಿ. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಸಣ್ಣವಳಿದ್ದಾಗ ನನ್ನ ಇದೇ ಮಷೀನಿನ ಮುಂದೆ ಕೂತು ಬಣ್ಣದ ಚಿತ್ರ ಬಿಡಿಸುತ್ತಿದ್ದಳು. ಹಸಿರು ದಿನ್ನೆಯ ಮೇಲೆ ಒಂದು ಮನೆ ಯಾಕಿಲ್ಲ ಎಂದು ಕೇಳಿ ನನ್ನ ತಲೆ ತಿನ್ನುತ್ತಿದ್ದಳು. ಮಿರಜಿನ ಹತ್ತಿರದ ಊರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಗಂಡ ಸಾಗರ ಆಸ್ಪತ್ರೆಯಿಂದಲೇ ನನಗೆ ಫೋನ್ ಮಾಡಿದ. ಕಾಕಾ, ಈಗ ಆಯಿತು, ಹೆಣ್ಣು, ಅಕ್ಷರ ಯಾವುದು ಹೇಳಿ, ಅಕ್ಕ ಇಲ್ಲೇ ನಿಂತಿದ್ದಾಳೆ ಎಂದ. ಅವನ ದನಿಯಲ್ಲಿ ಅಂಥ ಅವಸರವಿತ್ತು. ಫೋನಿನ ಆ ಬದಿಗೆ ಇಡೀ ಬಳಗ ಕಿವಿಗೊಟ್ಟು ನಿಂತಿದೆ ಎಂದು ನನಗೂ ಹುರುಪು ಏರಿತು. ಒಂದೊಂದೇ ಅಂಕಿ ಹೊಡೆಯುತ್ತ ಕೂಡುವುದು ಕಂಪ್ಯೂಟರ್ ಡಾಕ್ಟರನಿಗೆ ಒಪ್ಪುವ ಮಾತೇ? ಈಗ ಹುಟ್ಟಿದ ಕೂಸಿಗೆ ‘ಈಗ’ ಎಂಬ ಬಟನ್ ಇದ್ದೇ ಇದೆಯಲ್ಲ. ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಆರ್ದ್ರಾ ನಕ್ಷತ್ರ, ‘ಘ’ ಅಕ್ಷರ. ಎಷ್ಟು ಲಗೂನೆ ಹೇಳಿದಿರಿ ಕಾಕಾ ಎಂದು ಸಾಗರ ಹೊಗಳಿದ. ನಾನು ಕಾಲರ್ ಸರಿಪಡಿಸಿಕೊಂಡೆ.

ಹೆಣ್ಣುಮಗುವಿಗೆ ‘ಘ’ದಿಂದ ಹೆಸರು ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ. ಎರಡೂ ಮನೆಯವರು ಹುಡುಕಿದರು. ಘಂಟಿ, ಘಾಗ್ರಾ, ಘಮಘಮ ಎಂದು ಹೆಂಗಸರು ನಕ್ಕು ನಕ್ಕು ಸುಸ್ತಾದರು. ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ತಂದೆಯ ಅಕ್ಕತಂಗಿಯರದು. ಸಾಗರನ ಅಕ್ಕ ಸುಮನ್ ಕೊನೆಗೆ ‘ಘನಶ್ರೀ’ ಎಂದು ನಿಶ್ಚಯಿಸಿದಳು. ಮಿರಜಿನಲ್ಲಿ ಬೆಳ್ಳಿ ಬಟ್ಟಲು ಕೊಂಡು ಅದರ ಮೇಲೆ ಆ ಹೆಸರು ಕೆತ್ತಿಸಲು ಹಾಕಿದಳು.

ಬಾಣಂತಿ ಆಸ್ಪತ್ರೆಯಿಂದ ತವರಿಗೆ ಬಂದ ಮರುದಿನ ನನಗೆ ಅವಳ ಫೋನ್ ಬಂತು. ಗೋಡೆಯ ಆಚೆಯಿಂದಲೇ ಮಾತಾಡುತ್ತಿದ್ದಳು. ಯಾರಿಗೂ ಕೇಳಬಾರದೆಂದು ಬಹಳ ಮೆಲ್ಲಗೆ.

“ಕಾಕಾ, ಆ ‘ಘ’ ತಗದು ‘ನೀ’ ಅಂತ ಬರದ ಕೊಡಾಕ ಬರತೈತೇನ್ರಿ? ಹೊಟ್ಯಾಗ ಇದ್ದಾಗಿಂದ ನಾ ಅದಕ್ಕ ನೀಲಾ ಅಂತನ ಕರಕೋತ ಬಂದೇನಿ.”

ಹೆಣ್ಣೇ ಆಗುತ್ತದೆಂದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿದೆ.

“ತಿಳದಿದ್ದಿಲ್ರಿ. ಬೇಡಕೊಂಡಿದ್ದೆ.”

ಇದಕ್ಕೆ ಕರಗದವನು ಮನುಷ್ಯನೇ ಅಲ್ಲ. ನಾನು ಕರಗಲಿಲ್ಲ. ಕರಗುವುದಕ್ಕಿಂತ ದೊಡ್ಡವನಾಗುವ ಅವಕಾಶ ಎದುರಿಗಿತ್ತು. ಗಂಟಲು ಸರಿಪಡಿಸಿಕೊಂಡು ಹೇಳಿದೆ.

“ಇದು ಮಷೀನ್ ಐತೆವಾ ವೈಶಾಲಿ. ಮನಿಷ್ಯಾರಂಗ ಸುಳ್ಳ ಹೇಳಂಗಿಲ್ಲ.”

ಆಯಿತು ಬಿಡಿ ಕಾಕಾ ಎಂದು ಫೋನ್ ಇಟ್ಟಳು. ಗೋಡೆಯ ಆಚೆ ಕೂಸು ಅತ್ತಿತು, ಅವಳು ರಮಿಸಿದ್ದು ಕೇಳಿತು. ಯಾವ ಹೆಸರು ಹಿಡಿದು ರಮಿಸಿದಳೋ ನಾನು ಕಿವಿಗೊಡಲಿಲ್ಲ.

ಇಷ್ಟಕ್ಕೇ ಸುಮ್ಮನಿದ್ದರೆ ನಾಚಿಕೆ ಒಂದು ಪಾಲು ಕಡಿಮೆಯಾಗುತ್ತಿತ್ತು. ಸುಮ್ಮನಿರಲಿಲ್ಲ. ಕಟಿಂಗ್ ಅಂಗಡಿಯಲ್ಲಿ ಹೇಳಿದೆ, ಹಾಲಿನ ಡೇರಿಯಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎರಡು ಗುಂಪಿಗೆ ಬೇರೆಬೇರೆಯಾಗಿ ಹೇಳಿದೆ. ಪಕ್ಕದ ಮನೆಯ ಹುಡುಗಿ, ಮಗಳಿದ್ದಂತೆ, ‘ಘ’ ಬದಲಿಸಿ ‘ನೀ’ ಮಾಡಿ ಕೊಡಿ ಎಂದು ಬೇಡಿಕೊಂಡಳು, ಆದರೂ ನಾನು ಜಗ್ಗಲಿಲ್ಲ ನೋಡಿ ಎಂದೆ. ಜನ ತಲೆದೂಗಿದರು. ಅವಳು ಗುಟ್ಟಾಗಿ ಕೇಳಿಕೊಂಡ ಮಾತನ್ನು ನಾನು ಊರಿಗೆ ಹಂಚಿ, ನನ್ನ ಪ್ರಾಮಾಣಿಕತೆಯನ್ನು ಹೊಗಳಿಸಿಕೊಂಡೆ. ಹೆಂಡತಿಗೂ ಹೇಳಿದೆ. ಅವಳೊಬ್ಬಳು ಮಾತ್ರ ತಲೆದೂಗಲಿಲ್ಲ, ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ, ಮತ್ತೆ ಆರಿಸತೊಡಗಿದಳು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಜಾತಕದ ಪ್ರತಿಯನ್ನು ಚೆಂದವಾಗಿ ಅಚ್ಚು ಹಾಕಿ ಉಡುಗೊರೆ ಕೊಡೋಣವೆಂದು ಬೆಳಿಗ್ಗೆ ಮಷೀನು ಹಚ್ಚಿದೆ. ಅದು ಎಂದಿನಂತೆ ಬೀಪ್ ಎಂದು ಕೂಗಿತು, ರಬ್ಬರು ತಿಕ್ಕಿದೆ, ದಿನ್ನೆ ಬಂತು. ಕೂಸಿನ ಕುಂಡಲಿ ತೆರೆದು, ಅಂಚಿಗೆ ಯಾವ ಬಳ್ಳಿ ಹಾಕಲಿ ಎಂದು ನೋಡುತ್ತಿದ್ದವನ ಕಣ್ಣು ಶನಿಯ ಮೇಲೆ ಬಿತ್ತು. ಶನಿ ಮಿಥುನದಲ್ಲಿ ಕೂತಿದ್ದ.

ಶನಿ ಈಗ ಯಾವ ರಾಶಿಯಲ್ಲಿದ್ದಾನೆಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಡೇಸಾತಿ ಎಂದು ಅರ್ಧ ಓಣಿ ಶನಿವಾರ ಎಣ್ಣೆ ಹಿಡಿದು ಹೋಗುತ್ತದೆ, ಅವರನ್ನು ಕಳಿಸಿದವನೇ ನಾನು. ಶನಿ ಮೀನದಲ್ಲಿದ್ದಾನೆ. ಮಿಥುನವನ್ನು ಬಿಟ್ಟು ಯಾವ ಕಾಲವಾಯಿತೋ. ಮೇಲಿನ ಸಾಲಿನಲ್ಲಿ ಜನ್ಮದಿನ ನೋಡಿದೆ. ದಿನ ಸರಿ, ತಿಂಗಳು ಸರಿ, ವೇಳೆ ನಿಮಿಷಸಹಿತ ಸರಿ. ವರ್ಷ ಮಾತ್ರ ನಾನು ಕಟ್ಟಿಹಾಕಿದ ವರ್ಷ. ಆ ವರ್ಷ ಕೂಸಿನ ತಾಯಿ ಅಂಗನವಾಡಿಗೆ ಹೋಗುತ್ತಿದ್ದಳು.

ಸರಿಯಾದ ವರ್ಷ ಹೊಡೆದೆ. ಮಷೀನು ಒಂದು ಗಳಿಗೆ ಯೋಚಿಸಿತು. ಅನುರಾಧಾ ನಕ್ಷತ್ರ. ಅಕ್ಷರ: ‘ನೀ’.

ಗೋಡೆಯ ಆಚೆ ಹೆಂಗಸರ ನಗು, ಬಳೆಗಳ ಸದ್ದು ಕೇಳುತ್ತಿತ್ತು. ಕೂಸಿನ ಹೆಸರು ಕೂಸಿಗೆ ಮೊದಲ ದಿನವೇ ಸಿಕ್ಕಿತ್ತು, ನಡುವೆ ನಾನು ಕೂತಿದ್ದೆ. ಕಾಗದ ಅಚ್ಚು ಹಾಕಿ ಅಂಗಿಯ ಜೇಬಿಗೆ ಸೇರಿಸಿ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಪಕ್ಕದ ಮನೆಗೆ ಹೋದೆ.

ಒಳಗೆ ತೊಟ್ಟಿಲಿಗೆ ಚೆಂಡುಹೂವು ಕಟ್ಟಿದ್ದರು. ವೈಶಾಲಿ ಹಸಿರು ಸೀರೆ ಉಟ್ಟು, ಕಿವಿಗೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದಳು. ಬೆಳ್ಳಿ ಬಟ್ಟಲು ಎಲ್ಲರ ಕೈಯಲ್ಲಿ ತಿರುಗುತ್ತಿತ್ತು. ನಾನು ಸುಮನಳ ಎದುರು ನಿಂತು, ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ತಪ್ಪಾಗಿದೆ, ನನ್ನ ಮಷೀನಿನ ವರ್ಷ ಹಳೆಯದಿತ್ತು, ಖರೇ ಅಕ್ಷರ ‘ನೀ’ ಎಂದೆ. ಕೂಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಸೆರಗಿನಲ್ಲಿ ನಕ್ಕರು. ಸುಮನ್ ಕೆಟ್ಟವಳಲ್ಲ. ದೊಡ್ಡ ಮೈ, ದೊಡ್ಡ ಮನಸ್ಸು, ಬಂದಾಗಲೆಲ್ಲ ನಮ್ಮ ಮನೆಗೂ ಮಿರಜಿನ ಬಾಕರವಡಿ ತರುವವಳು. ಅವಳು ನಗುತ್ತಲೇ ಹೇಳಿದಳು.

“ಅಹೋ ಕಾಕಾ, ಮಷೀನ್ ಸುಳ್ಳ ಹೇಳಂಗಿಲ್ಲ ಅಂತ ಊರತುಂಬ ಹೇಳಿದವರು ನೀವ. ಈಗ ವೈಶಾಲಿಗೆ ಬೇಕಾದ ಅಕ್ಷರಾನ ಬರೋಬ್ಬರಿ ಬಂತಂದ್ರ ಹೆಂಗ ನಂಬಲಿ?”

ಕಾಗದ ತೆಗೆದು ತೋರಿಸಿದೆ. ಕಾಗದ ಮಾಡುವವರು ನೀವೇ ಅಲ್ಲವೇ ಎಂದಳು. ಹಾಗಾದರೆ ಮೊಬೈಲಿನಲ್ಲಿ ನೋಡಿ ಎಂದೆ, ನನ್ನ ಬಾಯಿಂದಲೇ. ಮೊಬೈಲಿನ ಜಾತಕ ಖೋಟಾ ಎಂದು ಓಣಿಯ ಹುಡುಗರಿಗೆ ಹೇಳಿದ್ದು ನೀವೇ ಅಂತಲ್ಲ ಎಂದು ಅವಳು ಮತ್ತೆ ನಕ್ಕಳು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅಷ್ಟು ವರ್ಷ ಬಾಯಿಗೆ ಬಂದದ್ದು ಹೇಳಿದಾಗೆಲ್ಲ ನಂಬಿದ ಜನ, ಒಂದು ದಿನ ಖರೇ ಹೇಳಿದರೆ ನಂಬಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಅವರೆಲ್ಲ ವೈಶಾಲಿಯ ಕಡೆ ನೋಡಿದ್ದು, ನನಗೆ ಹೇಳಿಕೊಟ್ಟು ಕಳಿಸಿದವಳು ಅವಳೇ ಎಂಬಂತೆ. ಅವಳ ತಾಯಿಯೂ ಹಾಗೇ ನೋಡಿದರು. ಹುಡುಗಿಯ ಮುಖ ಕೆಂಪಾಯಿತು, ತೊಟ್ಟಿಲಿನ ಹೂವು ಸರಿಪಡಿಸುವ ನೆಪದಲ್ಲಿ ಆಕಡೆ ತಿರುಗಿದಳು. ನಾನು ಇನ್ನೊಮ್ಮೆ ಬಾಯಿ ತೆರೆದೆ. ವೇಳೆ ಮೀರುತ್ತದೆ, ಕೂತುಕೊಳ್ಳಿ ಕಾಕಾ ಎಂದು ಯಾರೋ ನನಗೆ ಖುರ್ಚಿ ಕೊಟ್ಟರು.

ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ಕೈಬದಲಾಯಿಸಿ ಮಲಗಿಸಿದರು. ಸುಮನ್ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್‌ರ್ ಎಂದು, ಹೆಸರು ಹೇಳಿದಳು. ಹೆಂಗಸರೆಲ್ಲ ವಾಡಿಕೆಯಂತೆ ಅವಳ ಬೆನ್ನಿಗೆ ದಬದಬ ಗುದ್ದಿದರು. ಏನು ಹೆಸರು, ಏನು ಹೆಸರು ಎಂದು ಕೇಳಿದರು. ಘನಶ್ರೀ ಎಂದಳು. ನಾನೂ ಎಲ್ಲರೊಡನೆ ಚಪ್ಪಾಳೆ ತಟ್ಟಿದೆ. 

ಊಟಕ್ಕೆ ಎಲೆ ಹಾಕುತ್ತಿದ್ದಾರೆಂದು ಜನ ಹೊರಗೆ ಹೋದರು. ನಾನು ಗೋಡೆ ಹಿಡಿದು ಜಾರಿಕೊಳ್ಳುವಷ್ಟರಲ್ಲಿ ವೈಶಾಲಿ ಮೆಲ್ಲಗೆ ಕರೆದಳು. ಹಂಚಲು ಇಟ್ಟಿದ್ದ ಘುಗರಿಯ ಬುಟ್ಟಿ ಅವಳ ಪಕ್ಕದಲ್ಲಿತ್ತು. ಒಂದು ತಾಟಿಗೆ ಕುದಿಸಿದ ಕಡಲೆ, ಬೆಲ್ಲ, ಕೊಬ್ಬರಿ ಹಾಕಿ ನನ್ನ ಕೈಗೆ ಕೊಟ್ಟಳು. ಬೈದರೆ ಬೈಸಿಕೊಳ್ಳಬೇಕೆಂದು ನಿಂತೆ. ಬೈಯಲಿ ಎಂದೇ ಬೇಡಿಕೊಂಡೆ.

“ಕಾಕಾ, ಆವತ್ತ ನೀವು ಆಗಂಗಿಲ್ಲ ಅಂದಾಗ ನನಗ ಭಾಳ ಸಿಟ್ಟ ಬಂದಿತ್ರಿ. ಇವತ್ತ ಇಷ್ಟು ಮಂದ್ಯಾಗ, ನನ್ನ ಸಲುವಾಗಿ ಸುಳ್ಳ ಹೇಳಾಕ ಬಂದ್ರೆಲ್ಲ. ನಮ್ಮಪ್ಪಾನೂ ಬರತಿದ್ದಿಲ್ಲ.”

ಅವಳ ಕಣ್ಣಲ್ಲಿ ನೀರಿತ್ತು. ಸುಳ್ಳಲ್ಲವಾ, ಅದು ಖರೇನೇ ನಿನ್ನ ಮಗಳ ಅಕ್ಷರ, ನಾನೇ ಕಳೆದದ್ದು ಎಂದು ಹೇಳಬೇಕಿತ್ತು. ಕಾಗದ ಜೇಬಿನಲ್ಲೇ ಇತ್ತು. ಹೇಳಿದರೆ ಅವಳು ಜೀವಮಾನವಿಡೀ ಆ ಬಟ್ಟಲು ಕಂಡಾಗಲೊಮ್ಮೆ ಸಂಕಟಪಡುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಅರ್ಧ. ಇನ್ನರ್ಧ ಏನೆಂದರೆ, ಅವಳು ನನ್ನನ್ನು ಹಾಗೆ ನೋಡುತ್ತಿರುವುದು ನನಗೆ ಹಿತವಾಗಿತ್ತು. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಅಗಿದೆ. ನುಂಗಿದೆ. ತಾಟು ಖಾಲಿಯಾಗುವವರೆಗೂ ತಲೆ ಎತ್ತಲಿಲ್ಲ.

“ಇನ್ನೊಂದೀಟ ಹಾಕಲ್ಯಾ ಕಾಕಾ?” ಎಂದಳು.

“ಹಾಕವಾ” ಎಂದೆ.